ಟೈಪಿಂಗ್ ಅಕ್ಕೋರಿಗೆ ಕೇಳಿಸಿದ ಕಥೆ

ಟೈಪಿಂಗ್ ಅಕ್ಕೋರ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಕಡಿಮೆ. ಎದುರಿಗೆ ಯಾರಾದರೂ ಮಾತಾಡುತ್ತಿದ್ದರೆ ಆ ಮಾತನ್ನೇ ಅವು ತೊಡೆಯ ಮೇಲೆ, ಸೀರೆಯ ನೆರಿಗೆಯ ಮೇಲೆ, ಸದ್ದಿಲ್ಲದೆ ಟೈಪ್ ಮಾಡುತ್ತಿದ್ದವು. ಮಾತು ನಿಂತರೆ ಹೆಬ್ಬೆರಳು ಒಮ್ಮೆ ಕುಟ್ಟುತ್ತಿತ್ತು. ಅದು ಖಾಲಿ ಜಾಗ ಬಿಡುವ ಕೀಲಿ.

ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಅವರ ಟೈಪಿಂಗ್ ಕ್ಲಾಸು. ಪಿಯುಸಿ ಮುಗಿಸಿದ ರಜೆಯಲ್ಲಿ ಯಲ್ಲಾಪುರದಿಂದ ಬಂದು ಚಿಕ್ಕಮ್ಮನ ಮನೆಯಲ್ಲಿ ಉಳಿದು ನಾನು ಅಲ್ಲಿ ಕಲಿತೆ. ಕೀಲಿ ಕಾಣದಂತೆ ನಮ್ಮ ಕೈಗಳ ಮೇಲೆ ಅವರು ಟವೆಲ್ ಹೊದಿಸುತ್ತಿದ್ದರು. ಬಗ್ಗಿ ನೋಡಿದರೆ ಬೈಯುತ್ತಿರಲಿಲ್ಲ. ಹಾಳೆ ತೆಗೆದು ಹೊಸದು ಹಾಕಿ, ಮೊದಲಿನಿಂದ ಎನ್ನುತ್ತಿದ್ದರು. ಅಷ್ಟೇ. ಮುಂದೆ ಶಿರಸಿಯಲ್ಲೇ ಮೊಬೈಲ್ ಆ್ಯಪ್ ಮಾಡುವ ಸಣ್ಣ ಆಫೀಸೊಂದಕ್ಕೆ ಸೇರಿದಾಗ ನನ್ನ ಬೆರಳುಗಳ ವೇಗ ನೋಡಿ ಜೊತೆಯವರು ಬೆರಗಾಗುತ್ತಿದ್ದರು.

ಅಷ್ಟರಲ್ಲಿ ಕ್ಲಾಸು ಮುಚ್ಚಿತ್ತು. ಸಕ್ಕರೆ ಕಾಯಿಲೆ ಅಕ್ಕೋರ ಕಣ್ಣನ್ನು ಪೂರ್ತಿ ತೆಗೆದುಕೊಂಡು, ಬೆರಳ ತುದಿಗಳನ್ನೂ ಮರಗಟ್ಟಿಸಿತ್ತು. ತಂಗಿಯೊಬ್ಬರು ಜೊತೆಗಿದ್ದು ನೋಡಿಕೊಳ್ಳುತ್ತಿದ್ದರು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಹಾಕಿಸಿಕೊಂಡು, ಅಕ್ಕೋರು ಹಳೇ ಕಂಪ್ಯೂಟರಿನಲ್ಲೇ ಪೇಪರ್ ಕೇಳುತ್ತಿದ್ದರು.

ನಮ್ಮ ಆಫೀಸಿನಿಂದ ಕನ್ನಡ ಕಥೆಗಳನ್ನು ಓದಿ ಕೇಳಿಸುವ ಆ್ಯಪ್ ಬಂದಾಗ ನಾನೇ ಹೋಗಿ ಅವರ ತಂಗಿಯ ಮೊಬೈಲಿಗೆ ಹಾಕಿಕೊಟ್ಟೆ. ಅಕ್ಕೋರು ಗಾಜಿನ ಮೇಲೆ ಬೆರಳಾಡಿಸಿದರು. ಒಮ್ಮೆ ಏನೋ ಶುರುವಾಯಿತು, ಒಮ್ಮೆ ನಿಂತಿತು, ಮತ್ತೊಮ್ಮೆ ಯಾರಿಗೋ ಫೋನ್ ಹೋಯಿತು.

"ಇದು ನುಣ್ಣಗೆ ಅದೆ ಮಾರಾಯ್ತಿ, ಬೆರಳಿಗೆ ಎಂತದೂ ಸಿಗೂದಿಲ್ಲ," ಎಂದು ಮೊಬೈಲನ್ನು ತಂಗಿಯ ಕೈಗೆ ಕೊಟ್ಟರು. "ಕೀಲಿ ಇದ್ದಿದ್ರೆ ಒತ್ತಿದ್ದಾದ್ರೂ ಗೊತ್ತಾಗ್ತಿತ್ತು."

ಆಂಡ್ರಾಯ್ಡ್‌ಗೂ ಐಫೋನಿಗೂ ನಾವು ಒಂದೇ ಕೋಡ್ ಬರೆದಿದ್ದೆವು. ಅದನ್ನೇ ಬ್ರೌಸರಿನಲ್ಲೂ ಓಡಿಸಬಹುದೆಂದು ನನಗೆ ಗೊತ್ತಿತ್ತು. ಆಫೀಸಿನ ಯಜಮಾನರನ್ನು ಕೇಳಿದೆ. ಕಂಪ್ಯೂಟರಿನ ಮುಂದೆ ಕೂತು ಕಥೆ ಕೇಳುವವರು ಯಾರು ಎಂದರು. ನಾನು ಅಕ್ಕೋರ ವಿಷಯ ಹೇಳಿದೆ. ಯಜಮಾನರೂ ಅದೇ ಮಾಳಿಗೆಯಲ್ಲಿ ಕಲಿತವರೆಂದು ತಿಳಿದದ್ದು ಆಗ. "ಮಾಡು. ಆದ್ರೆ ಕೋಡ್ ಎರಡಾಗಬಾರದು, ಎರಡು ಸಾಕೋ ಶಕ್ತಿ ನಮಗಿಲ್ಲ," ಎಂದರು.

ಫೋನಿನೊಳಗೆ ಕಥೆ ಇಳಿಸಿಟ್ಟುಕೊಳ್ಳುವ ಭಾಗ ಬ್ರೌಸರಿನಲ್ಲಿ ನಡೆಯಲೇ ಇಲ್ಲ. ಬ್ರೌಸರಿನ ಮಟ್ಟಿಗೆ ಅದನ್ನು ಕೈಬಿಟ್ಟೆ. ಉಳಿದದ್ದು ಪರದೆಯ ಮೇಲೆ ಮೊಬೈಲಿನಲ್ಲಿದ್ದಷ್ಟೇ ಚಂದ ಮೂಡಿತು. ಖುಷಿಯಿಂದ ಅಕ್ಕೋರ ಮನೆಗೆ ಹೋಗಿ ತೆರೆದೆ. ಅವರ ಕಂಪ್ಯೂಟರ್ ಆ್ಯಪಿನ ಹೆಸರು ಹೇಳಿ ಮೌನವಾಯಿತು. ಅಕ್ಕೋರು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಟ್ಯಾಬ್ ಕೀಲಿ ಒತ್ತಿದರು, ಮತ್ತೆ ಒತ್ತಿದರು.

"ಇಲ್ಲಿ ಎಂತೆಂತ ಅದೆ?" ಎಂದು ಕೇಳಿದರು.

ಕಥೆಗಳ ಸಾಲು, ಹುಡುಕುವ ಜಾಗ, ಕಥೆಗೆ ದನಿ ಕೊಟ್ಟವರ ಹೆಸರು ಎಲ್ಲವನ್ನೂ ನಾನು ವಿವರಿಸಿದೆ.

"ನಿಂಗೆ ಅದೆ," ಎಂದರು, ಮೆಲ್ಲಗೆ.

ಆಫೀಸಿಗೆ ಮರಳಿ ಹುಡುಕಿದಾಗ ಕಾರಣ ತಿಳಿಯಿತು. ನಮ್ಮ ಕೋಡ್ ಬ್ರೌಸರಿನಲ್ಲಿ ಇಡೀ ಪುಟವನ್ನು ಒಂದು ಚಿತ್ರದ ಹಾಗೆ ಬಿಡಿಸುತ್ತಿತ್ತು. ಕಣ್ಣಿಗೆ ಅಕ್ಷರ ಕಾಣುತ್ತಿತ್ತು, ಓದುವ ತಂತ್ರಾಂಶದ ಪಾಲಿಗೆ ಅಲ್ಲಿ ಅಕ್ಷರವೇ ಇರಲಿಲ್ಲ. ಚಿತ್ರದ ಹಿಂದೆ ಪ್ರತಿಯೊಂದು ವಸ್ತುವಿಗೂ ಇದು ಏನು ಎಂದು ಬರೆದಿಡಬೇಕಿತ್ತು. ಅದರ ಮೊದಲ ಪ್ರಯತ್ನ ಒಯ್ದಾಗ ಕಂಪ್ಯೂಟರ್ ಯಾವುದರ ಹೆಸರನ್ನೂ ಹೇಳದೆ "ಬಟನ್, ಬಟನ್, ಬಟನ್" ಎನ್ನತೊಡಗಿತು. ನನಗೆ ಅಳು ಬರುವಂತಾಗಿತ್ತು. ಅಕ್ಕೋರು ಮಾತ್ರ ನಗುತ್ತ, "ಎಲ್ಲಾ ಬಟನ್ನೇ ಆದ್ರೆ ಅಂಗಿ ಎಲ್ಲಿ ಅದೆ ಹುಡುಗಿ?" ಎಂದರು. ತಂಗಿಯನ್ನು ಕರೆದು ನನಗೆ ಚಹಾ ಮಾಡಿಸಿದರು.

ಆಮೇಲೆ ಭಾನುವಾರಗಳೆಲ್ಲ ಅವರ ಮನೆಯಲ್ಲೇ ಕಳೆದವು. ಅವರು ಕೀಲಿ ಒತ್ತುವುದು, ಎಲ್ಲಿ ದಾರಿ ತಪ್ಪಿತು ಹೇಳುವುದು, ನಾನು ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ತಿದ್ದುವುದು. ನನಗೆ ಬೇಸರ ಬಂದದ್ದು ಉಸಿರಿನಲ್ಲೇ ಅವರಿಗೆ ತಿಳಿಯುತ್ತಿತ್ತು. ಇವತ್ತಿಗೆ ಸಾಕು, ನಾಳೆಯೂ ಕೀಲಿ ಅಲ್ಲೇ ಇರ್ತದೆ ಎನ್ನುತ್ತಿದ್ದರು. ಕೋಡ್ ಒಂದೇ ಆದ್ದರಿಂದ ಅವರಿಗಾಗಿ ಕೊಟ್ಟ ಹೆಸರುಗಳೆಲ್ಲ ಮೊಬೈಲಿಗೂ ಹೋದವು. ಮೊಬೈಲಿನಲ್ಲಿ ಅಂಥದೇ ಓದಿ ಹೇಳುವ ತಂತ್ರಾಂಶ ಬಳಸುವ ಸಿದ್ದಾಪುರ ಕಡೆಯ ಒಬ್ಬರು, ಆ್ಯಪ್ ಈಗ ನೆಟ್ಟಗೆ ಮಾತಾಡುತ್ತದೆ ಎಂದು ಬರೆದರು. ಅದನ್ನು ಅಕ್ಕೋರು ಎರಡು ಸಲ ಓದಿಸಿಕೊಂಡರು.

ಒಂದು ಭಾನುವಾರ ಅವರು ತಾವೇ ಕಥೆ ಹುಡುಕಿ, ತಾವೇ ಶುರು ಮಾಡಿದರು. ಕಥೆ ಮುಗಿಯುವವರೆಗೆ ಅವರ ಬೆರಳುಗಳು ಅಲುಗಲಿಲ್ಲ.

ಕಳೆದ ಮಳೆಗಾಲದ ಕೊನೆಗೆ ಅಕ್ಕೋರು ಹೋದರು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ದಿನಕರ್ಮಗಳು ಮುಗಿದ ಮೇಲೆ ಅವರ ತಂಗಿ ನನ್ನನ್ನು ಕರೆಸಿದರು. ಕಂಪ್ಯೂಟರ್ ಅಂದಿನಿಂದ ಹಾಗೇ ಇದೆ, ಆಫ್ ಮಾಡುವುದು ಹೇಗೆಂದು ತಮಗೆ ಗೊತ್ತಿಲ್ಲ ಎಂದರು. ನಾನು ಕುರ್ಚಿಯಲ್ಲಿ ಕೂತು ಒಂದು ಕೀಲಿ ಒತ್ತಿದೆ. ಪರದೆ ಬೆಳಗಿತು, ನಮ್ಮ ಪುಟವೇ ತೆರೆದಿತ್ತು. ಕಥೆಯೊಂದು ಅರ್ಧದಲ್ಲಿ ನಿಂತಿತ್ತು. ಮುಚ್ಚಲೆಂದು ಕೈ ಹಾಕಿದೆ.

"ತಡೀರಿ," ಎಂದರು ತಂಗಿ. ಒಳಗಿನಿಂದ ಇನ್ನೊಂದು ಕುರ್ಚಿ ತಂದು ನನ್ನ ಪಕ್ಕ ಹಾಕಿಕೊಂಡರು. "ಮುಂದೆ ಎಂತಾಗ್ತದೆ, ಕೇಳಿಸಿ."