ವಿಚಾರಿಸದೇ ಉಳಿದ ಸುದ್ದಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಗುಬ್ಬಿಯ ರೈತರೊಬ್ಬರು ತೀರಿಕೊಂಡ ಸುದ್ದಿಗೆ ಅವರ ಹೆಸರಿನ ಬದಲು, ಬದುಕಿದ್ದ ಅಣ್ಣನ ಹೆಸರು ಹಾಕಿ ಪ್ರೂಫಿಗೆ ಸಹಿ ಮಾಡಿಬಿಟ್ಟೆ. ಮರುದಿನ ನಾಲ್ಕು ಸಾಲಿನ ತಿದ್ದುಪಡಿ ಬಂತು. ಕಚೇರಿಯ ಮಟ್ಟಿಗೆ ವಿಷಯ ಮುಗಿಯಿತು.

ನನ್ನ ಮಟ್ಟಿಗೆ ಮುಗಿಯಲಿಲ್ಲ. ಆ ಮನೆಯಲ್ಲಿ ಏನಾಗಿರಬಹುದು ಎಂಬುದನ್ನೇ ಎಂಟು ತಿಂಗಳು ಯೋಚಿಸಿದೆ. ಊಟ ಸೇರುತ್ತಿರಲಿಲ್ಲ, ನಿದ್ದೆ ತುಂಡುತುಂಡು. ಪ್ರತಿ ಸಾಲನ್ನೂ ಐದಾರು ಸಲ ಓದುವ ಚಟ ಹತ್ತಿ ಪುಟ ತಡವಾಗುತ್ತಿತ್ತು. ಕುಣಿಗಲ್‌ಗೆ ಪತ್ರಿಕೆ ಒಯ್ಯುವ ಬಸ್ಸು ಎರಡು ಬಾರಿ ತಪ್ಪಿತು. ಮತ್ತೊಮ್ಮೆ ತಪ್ಪಿದರೆ ಪುಟದ ಕೆಲಸ ಬೇರೆಯವರಿಗೆ ಎಂದರು ಸಂಪಾದಕರು.

ಅಚ್ಚಿನ ಮೊಳೆ ಜೋಡಿಸುವ ಹಿರಿಯರೊಬ್ಬರನ್ನು ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ಅವರೊಬ್ಬರಿಗೆ ಇದನ್ನು ಹೇಳಿಕೊಂಡೆ.

“ಬೇರೆಯೋರ ಸುದ್ದಿಗೆಲ್ಲ ವಿಚಾರಿಸ್ಕೊಂಡು ಬರೀರಿ ಅಂತೀರಿ. ಇದನ್ನ ಒಂದ್ಸಲನಾದ್ರೂ ವಿಚಾರಿಸಿದ್ರಾ ಸಾರ್?”

ವಿಚಾರಿಸಿರಲಿಲ್ಲ. ಮುಂದಿನ ರಜೆಯ ದಿನ ಅವರೇ ನನ್ನನ್ನು ಗುಬ್ಬಿ ಬಸ್ಸು ಹತ್ತಿಸಿ ಜೊತೆಗೆ ಬಂದರು.

ಆ ಅಣ್ಣ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನಾನು ಯಾರೆಂದು ಹೇಳಿದೆ.

“ಓಹೋ, ನನ್ನ ಸಾಯ್ಸಿದೋರು ನೀವೇನಾ! ಬನ್ನಿ, ಕೂತ್ಕಳಿ.”

ಎಂಟು ತಿಂಗಳಿಂದ ಅದೇ ಯೋಚನೆಯಲ್ಲಿದ್ದೇನೆಂದು ಹೇಳಿ, ಅಂದು ಏನಾಯಿತೆಂದು ಕೇಳಿದೆ. ಕುಣಿಗಲ್‌ಗೆ ಕೊಟ್ಟಿದ್ದ ಮಗಳು, ಚಿಕ್ಕಪ್ಪ ಹೋದ ಸುದ್ದಿ ತಲುಪುವ ಮೊದಲೇ ಪತ್ರಿಕೆ ನೋಡಿ ಅಳುತ್ತಾ ಬಂದಿದ್ದಳಂತೆ.

“ಬಾಗ್ಲಲ್ಲಿ ನನ್ನ ನೋಡಿ ಕುಸ್ದೋದ್ಲು. ಅವತ್ತು ನೀವು ಸಿಕ್ಕಿದ್ರೆ ಬುಡ್ತಿರ್ಲಿಲ್ಲ. ಆಮೇಲೆ ಅವ್ಳೇ ನಗಾಡಿದ್ಲು, ಸತ್ತ ಸುದ್ದಿ ಹಬ್ಬುದ್ರೆ ಆಯಸ್ಸು ಜಾಸ್ತಿ ಕಣಪ್ಪ ಅಂತ. ತಮ್ಮನ ತಿಥಿ ನಾವು ಒಂದಿನ ಮಾಡಿದ್ವಿ. ನೀವು ಎಂಟ್ ತಿಂಗ್ಳಿಂದ ದಿನಾ ನನ್ ತಿಥಿ ಮಾಡ್ತಾ ಕೂತಿದೀರಲ್ಲ ಸ್ವಾಮಿ, ಸಾಕು ಬುಡಿ!”

ಮೊದಲು ನಕ್ಕವರು ಭಾಯ್. ನಾನು ಕ್ಷಮೆ ಕೇಳಿದೆ. ಆ ಅಣ್ಣ ಎಳನೀರು ಕೆತ್ತಿ ಕೈಗಿತ್ತರು. ನಡೆದದ್ದು ಸಣ್ಣದಾಗಿರಲಿಲ್ಲ, ಆದರೆ ಅವರ ಮನೆಯಲ್ಲಿ ಅದು ಎಂದೋ ಮುಗಿದಿತ್ತು.

ಅಂದೇ ಗುಣವಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಹಳೆಯ ಯೋಚನೆ ವರ್ಷದವರೆಗೂ ಬಂದು ಹೋಗುತ್ತಿತ್ತು. ಆದರೆ ಮರುದಿನ ಪುಟವನ್ನು ಎರಡೇ ಸಲ ಓದಿ ಸಹಿ ಹಾಕಿದೆ. ಮತ್ತೊಮ್ಮೆ ನೋಡೋಣವೆಂದು ಕೈ ಚಾಚುವಷ್ಟರಲ್ಲಿ ಭಾಯ್ ಅದನ್ನೆತ್ತಿಕೊಂಡು ಅಚ್ಚಿನ ಯಂತ್ರದ ಕಡೆ ಬಿರಬಿರನೆ ನಡೆದುಬಿಟ್ಟರು. ಪುಟದ ಕೆಲಸ ನನ್ನಲ್ಲೇ ಉಳಿಯಿತು. ಅವರ ಆ ಅವಸರಕ್ಕೆ ನಾನು ಇಂದಿಗೂ ಋಣಿ.