ಇಗರ್ಜಿಯಿಂದ ಬಾರದ ತೆನೆ

ಆ ವರ್ಷ ನಮ್ಮ ಮನೆಯವರೆಲ್ಲ ಕಣ್ಣು ಮುಚ್ಚಿ, ಶಿಲುಬೆಯ ಗುರುತು ಹಾಕಿ ಸೇವಿಸಿದ ತೆನೆ ಇಗರ್ಜಿಯದ್ದಲ್ಲ. ಪುಂಜಾಲಕಟ್ಟೆಯ ಆಚೆ ಬೇರೆಯವರ ಗದ್ದೆಗಿಳಿದು ನಾನು ತಂದದ್ದು. ಪಾಪನಿವೇದನೆಗೆ ಕೂತಾಗಲೂ ಇದನ್ನು ಹೇಳಲಿಲ್ಲ — ಸಣ್ಣಪುಟ್ಟ ಕೋಪತಾಪಗಳನ್ನೇ ಉದ್ದಕ್ಕೆ ಒಪ್ಪಿಸಿ ಎದ್ದು ಬರುತ್ತಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮರಿಯಮ್ಮನವರು ಹುಟ್ಟಿದ ದಿನ ನಮಗೆ ಮೊಂತಿ ಹಬ್ಬ. ಪಾದ್ರಿಗಳು ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಪೂಜೆ ಮುಗಿದ ಮೇಲೆ ಹಂಚುತ್ತಾರೆ. ಅದರ ಕಾಳು ಸುಲಿದು, ಅರೆದು, ಹಾಲಿಗೆ ಬೆರೆಸಿ ಇಡೀ ಕುಟುಂಬ ಒಟ್ಟಿಗೆ ಕುಡಿಯಬೇಕು. ಅಂದು ಮೀನು, ಮಾಂಸ ಇಲ್ಲ. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡವರಿಗೆ ಆ ಹಾಲೂ ಇಲ್ಲ.

ಹಗೆ ನಮ್ಮಲ್ಲಿ ಧಾರಾಳ ಇತ್ತು. ಬಾವಿಯ ಪಂಪಿನ ವಿಷಯದಲ್ಲಿ ಅಣ್ಣ ಲಾರೆನ್ಸನಿಗೂ ನನಗೂ ಮಾತು ನಿಂತು ಎರಡು ಮಳೆಗಾಲ ಕಳೆದಿತ್ತು. ಇಬ್ಬರೂ ಭಕ್ತರೇ. ಇಗರ್ಜಿಯಲ್ಲಿ ಅವನು ಬಲಬದಿಯ ಬೆಂಚು, ನಾನು ಎಡಬದಿ — ದೇವರನ್ನು ಬದುಕಿನ ನಡುವಿನಲ್ಲಿ ಇಡಬೇಕೆಂಬ ಉಪದೇಶವನ್ನು ನಮ್ಮಷ್ಟು ಅಕ್ಷರಶಃ ಪಾಲಿಸಿದವರು ಊರಲ್ಲಿ ಇರಲಿಕ್ಕಿಲ್ಲ. ಆ ಸಲ ನನ್ನ ಹೆಂಡತಿ ಸೆವ್ರಿನ್ ಅವನ ಮನೆಗೇ ಹೋಗಿ ಹಬ್ಬದೂಟಕ್ಕೆ ಕರೆದು ಬಂದಿದ್ದಳು. ಅವನು ಬರುತ್ತೇನೆ ಎಂದಿರಲಿಲ್ಲ, ಬರುವುದಿಲ್ಲ ಎಂದೂ ಇರಲಿಲ್ಲ. ಪೂಜೆ ಮುಗಿದದ್ದೇ ಅವಳು ಅಡುಗೆಗೆಂದು ಬಸ್ಸು ಹತ್ತಿದಳು. ತೆನೆ ತರುವ ಪವಿತ್ರ ಹೊಣೆ ನನ್ನ ಮೇಲೆ ಬಿತ್ತು.

ಪುಂಜಾಲಕಟ್ಟೆಯಲ್ಲಿ ಒಂದು ಚಾ ಕುಡಿಯುವ ಎಂದು ಹೋಟೆಲಿಗೆ ನುಗ್ಗಿದವನು ಕಾವಲಿಯ ಮೇಲೆ ಬಂಗುಡೆ ಮೀನು ಕಂಡೆ. ಎರಡು ಮುಗಿಸಿ ಹೊರಬಂದಾಗ ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿದ್ದ ತೆನೆಯನ್ನು ಒಂದು ದನ ಪರಮ ಶ್ರದ್ಧೆಯಿಂದ ಮೆಲ್ಲುತ್ತಿತ್ತು. ಹಬ್ಬದ ನಿಯಮದಂತೆ ಸಸ್ಯಾಹಾರದಲ್ಲಿ ಇದ್ದದ್ದು ಅಲ್ಲಿ ಅದೊಂದೇ.

ಇಗರ್ಜಿಗೆ ಹಿಂದಿರುಗಿದರೆ ಬಾಯಲ್ಲಿ ಮೀನಿನ ವಾಸನೆ. ಅಣ್ಣನ ಮನೆಯಲ್ಲಿ ತೆನೆ ಇತ್ತು, ಕೇಳಲಿಕ್ಕೆ ಮಾತು ಬೇಕಲ್ಲ — ಸ್ವಲ್ಪ ಮುಂದೆ ರಸ್ತೆಬದಿಯ ಗದ್ದೆಗೆ ಇಳಿದೆ. ನಾಲ್ಕು ತೆನೆ ಮುರಿಯುವಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸಿನ ಸ್ವರ. ಗದ್ದೆಯ ಯಜಮಾನಿ, ಸುಮತಿಯಕ್ಕ.

“ಏನು ಪೊರ್ಬುಗಳೇ, ಕೇಳಿದ್ರೆ ಕೊಡ್ತಿರ್ಲಿಲ್ವಾ?”

ನಮ್ಮವರನ್ನು ತುಳುವರು ಹಾಗೆಯೇ ಕರೆಯುವುದು. ನಾನು ತಲೆ ತಗ್ಗಿಸಿ, ಔಷಧಿಗೆ ಎಂದೆ.

“ಇವತ್ತು ನಿಮ್ಮ ಹಬ್ಬ ಅಂತ ನನಗೆ ಗೊತ್ತುಂಟು ಮಾರಾಯ್ರೆ.” ಅವರೇ ಸೀರೆ ಎತ್ತಿಕಟ್ಟಿ ಗದ್ದೆಗಿಳಿದರು. ನಾನು ಮುರಿದದ್ದನ್ನು ಬದಿಗಿಟ್ಟು, ಬೇರೆ ಒಳ್ಳೆಯ ತೆನೆ ಆರಿಸಿ, ಕೆಸುವಿನ ಎಲೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಕೊಟ್ಟರು. “ಕದ್ದದ್ದನ್ನು ದೇವರ ಎದುರು ಇಡ್ಬಾರ್ದು. ಇದು ನಾನು ಕೊಟ್ಟದ್ದು.”

ನಾನು ಉಪಕಾರ ಆಯಿತು ಎಂದೂ ಹೇಳದೆ ಸ್ಕೂಟರ್ ಹತ್ತಿದೆ.

ಮಧ್ಯಾಹ್ನ ಅಣ್ಣ ಬಂದ. ಹಾಲಿನ ಬಟ್ಟಲು ಕೈಯಲ್ಲಿ ಹಿಡಿದು ಕೂತ. ಆಮೇಲೆ, ಎರಡು ಮಳೆಗಾಲದ ನಂತರದ ಅವನ ಮೊದಲ ಮಾತು — “ಪಾದ್ರಿಗಳ ಕೈಯಿಂದ ತಂದದ್ದಲ್ವಾ?”

“ಹೌದು” ಎಂದೆ.

ಅವನು ಕುಡಿದ. ಕಣ್ಣೊರೆಸಿಕೊಂಡು, ಪಂಪು ನೀನೇ ಇಟ್ಟುಕೋ ಎಂದ.

ಅಂದಿನಿಂದ ನಮ್ಮಲ್ಲಿ ಸುಖವೇ. ಸಂಜೆ ಎರಡೂ ಮನೆಯವರು ಸೇರಿ ಜಪಸರ ಹೇಳುತ್ತೇವೆ. ಅಣ್ಣ ರಾಗ ತಪ್ಪುತ್ತಾನೆ, ನಾನು ಸಹಿಸುತ್ತೇನೆ. ಕೆಲಸಕ್ಕೆ ಹೊರಡುವಾಗ, ಉಣ್ಣುವಾಗ, ಮಲಗುವಾಗ ದೇವರ ಹೆಸರು ತಪ್ಪುವುದಿಲ್ಲ. ಅದೆಲ್ಲ ನಟನೆಯಲ್ಲ, ನಿಜ. ಆದರೂ ಆ ಒಂದು “ಹೌದು” —

ಕಳೆದ ವಾರ ಇಗರ್ಜಿಯ ನಮ್ಮ ವಾರ್ಡಿನ ಸಭೆಯಲ್ಲಿ, ದಿನನಿತ್ಯದ ಬದುಕಿನ ನಡುವೆ ದೇವರು ಎಂಬ ವಿಷಯದಲ್ಲಿ ನಾನೇ ಭಾಷಣ ಮಾಡಿದೆ. ಚಪ್ಪಾಳೆಯೂ ಸಿಕ್ಕಿತು. ಹೊರಗೆ ಬಂದಾಗ ಅಣ್ಣ ಹೆಗಲಿಗೆ ಕೈ ಹಾಕಿ, ನಮ್ಮಿಬ್ಬರನ್ನು ಒಂದು ಮಾಡಿದ ಆ ತೆನೆಯ ಸಂಗತಿಯನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದ. ಅಲ್ಲೇ ಮೆಟ್ಟಿಲಿನ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ಅವನು ಎದ್ದು ಹೋಗುತ್ತಾನೆ, ಪಂಪು ಮತ್ತೆ ಕೇಳುತ್ತಾನೆ, ಇನ್ನು ಆಚೆ ಬದಿಯ ಬೆಂಚೇ — ಏನೇನೋ ಎಣಿಸಿದೆ.

“ಬಂಗುಡೆ ಹೇಗಿತ್ತು?” ಎಂದ. ಆಮೇಲೆ, ಮೆಲ್ಲಗೆ, “ಆ ಅಮ್ಮನಿಗೆ ಆಮೇಲೆ ಏನಾದ್ರೂ ಹೇಳಿದ್ದಿಯಾ?”

ಏನೂ ಹೇಳಿರಲಿಲ್ಲ. ಅವರ ಗದ್ದೆ ಬಂದಾಗ ಸ್ಕೂಟರಿನ ವೇಗ ಹೆಚ್ಚಿಸುತ್ತಿದ್ದೆ, ಅಷ್ಟೆ. ತಿಂದ ಮೀನಿಗಿಂತ, ಮುರಿದ ತೆನೆಗಿಂತ ದೊಡ್ಡ ತಪ್ಪು ಯಾವುದೆಂದು ಆಗ ಹೊಳೆಯಿತು. ನಮ್ಮ ಮನೆಗೆ ಕೃಪೆ ಬಂದದ್ದು ಆ ಹೆಂಗಸಿನ ಕೈಯಿಂದ. ಆ ಕೈಯನ್ನೇ ನಾನು ಅಳಿಸಿಹಾಕಿದ್ದೆ.

ಒಟ್ಟಿಗೆ ಹೋಗುವ ಎಂದ ಅಣ್ಣ. ಬೇಡವೆಂದೆ. ಭಾನುವಾರ ಪೂಜೆ ಮುಗಿಸಿ ನಾನೊಬ್ಬನೇ ಹೋಗುತ್ತೇನೆ. ಅವರು ನಗಬಹುದು, ನೆನಪೇ ಇಲ್ಲ ಎನ್ನಬಹುದು. ಆದರೂ ಅಂಗಳದಲ್ಲಿ ನಿಂತು ಹೇಳುತ್ತೇನೆ — ಸುಮತಿಯಕ್ಕ, ನೀವು ಕೊಟ್ಟದ್ದನ್ನು ನಾವು ದೇವರ ಎದುರೇ ಇಟ್ಟೆವು. ನಿಮ್ಮ ಹೆಸರನ್ನು ಮಾತ್ರ ನಾನು ಹೇಳಲಿಲ್ಲ.