ಮೊದಲ ಚಹಾ ಯಾರಿಗೆ?

ಬಾಂಗ್ಲಾ ಯುದ್ಧ ನಡದಿತ್ತು. ಹತ್ತಿ ಖರೀದಿಗೆ ತಿರ್ಲಾಪುರಕ್ಕ ಹೋದಾಗೆಲ್ಲ ನಾನು ಚಹಾದಂಗಡಿ ಕಟ್ಟಿ ಮ್ಯಾಲ ಕುಂತು ಪೇಪರ್ ಓದಿ ಹೇಳತಿದ್ದೆ. ಸುದ್ದಿ ಹೇಳಿದವರಿಗೆ ಮೊದಲ ಚಹಾ ಪುಕ್ಕಟೆ. ಅದು ಅಲ್ಲಿನ ಪದ್ಧತಿ.

ಒಂದಿನ ಹೋಗಿ ನೋಡತೀನಿ, ನನ್ನ ಜಾಗಾದಾಗ ಗದಗಿನ ಬೀಜದ ವ್ಯಾಪಾರಿ ಒಬ್ಬ ತೊಡಿ ಮ್ಯಾಲ ಟ್ರಾನ್ಸಿಸ್ಟರ್ ಇಟ್ಕೊಂಡು ಕುಂತಾನ. ಮಂದಿ ಎಲ್ಲಾ ಅವನ ಸುತ್ತ. ನನ್ನ ಹೊಟ್ಟಿ ಉರೀತು. ಪುಣ್ಯಾಕ ಚಹಾ ಇನ್ನೂ ಒಲಿ ಮ್ಯಾಲಿತ್ತು.

"ಜಗಳಾ ಬಿಡಸತೀವಂತ ಅಮೇರಿಕಾದವರು ಯುದ್ಧದ ಹಡಗ ಕಳಿಸ್ಯಾರ," ಅಂದ ಅವ.

"ರಷ್ಯಾದವರು ನೋಡಕೋತ ಕುಂದರತಾರೇನು?" ಅಂತ ನಾನು ಪೇಪರ್ ಬಿಚ್ಚಿದೆ.

ಅವ ರೇಡಿಯೋ ದನಿ ಏರಿಸಿದ, ನಾನು ನನ್ನ ದನಿ ಏರಿಸಿದೆ.

ಬಾಜೂಕ ಶೇಂಗಾ ಸುಲೀತಿದ್ದ ಮುದುಕಿ ಗಂಗವ್ವ ತಲಿ ಎತ್ತಿದಳು. "ಅಣ್ಣತಮ್ಮರ ಬದುವಿನ ಜಗಳಾ ಬಿಡಸಾಕ ಬರೂ ಹಿರ್ಯಾರು ಕೈಯಾಗ ಕೊಡ್ಲಿ ಹಿಡಕೊಂಡ ಬರ್ತಾರೇನ್ರಿ?"

ಕಟ್ಟಿ ಮ್ಯಾಲಿನ ಮಂದಿ ಬಿದ್ದು ಬಿದ್ದು ನಕ್ಕರು. ಅಂಗಡಿಯವ ಮೊದಲ ಚಹಾ ಒಯ್ದು ಗಂಗವ್ವನ ಕೈಯಾಗ ಕೊಟ್ಟ.

ವ್ಯಾಪಾರಿ ನನ್ನ ಮಾರಿ ನೋಡಿದ. ಸರದು ಜಾಗಾ ಬಿಟ್ಟ. "ಮುದುಕಿ ಭಾಳ ಮಾತಾಡತಾಳ, ಅಲ್ರಿ?" ಅಂದ.

"ಅಗದಿ ಖರೆ ನೋಡ್ರಿ," ಅಂದೆ.

ದೊಡ್ಡ ದೇಶದವರೂ ಹಿಂಗಽ ದೋಸ್ತಿ ಮಾಡತಾರ, ಕಾಣಸತೈತಿ.